ಗಂಟೆ ಬಾರಿಸುವ ಅಧಿಕಾರ ಯಾರಿಗೆ?



ಹೊಸ ಶೈಕ್ಷಣಿಕ ವರ್ಷ ಸಮೀಪಿಸಿತೆಂದರೆ ನಮ್ಮ ಮನೆಗಳಲ್ಲಿ ಶಾಲೆಯದೇ ಮಾತು. ಪುಸ್ತಕ, ಸಮವಸ್ತ್ರ, ಶುಲ್ಕ, ವಾಹನದ ವ್ಯವಸ್ಥೆ ಇವೆಲ್ಲವುಗಳ ಜೊತೆಗೆ ಈಗ ಮತ್ತೊಂದು ಪ್ರಶ್ನೆಯೂ ಸೇರಿಕೊಂಡಿದೆ: ನಮ್ಮ ಮಗು ಅಲ್ಲಿ ಸುರಕ್ಷಿತವಾಗಿರುವುದೇ? ಶಾಲೆಯ ಸುತ್ತ ಗೋಡೆಯಿದೆಯೇ, ಬಾಗಿಲಲ್ಲಿ ಕಾವಲುಗಾರನಿದ್ದಾನೆಯೇ, ಮೊಗಸಾಲೆಗಳಲ್ಲಿ ಕ್ಯಾಮೆರಾ ಇದೆಯೇ, ಬಸ್ಸು ಎಲ್ಲಿದೆ ಎಂಬುದು ಮೊಬೈಲಿನಲ್ಲಿ ಕಾಣಿಸುವುದೇ ಎಂದು ಹೆತ್ತವರು ವಿಚಾರಿಸುತ್ತಾರೆ. ಕೇಳಲೇಬೇಕಾದ ಪ್ರಶ್ನೆಗಳಿವು. ಇವನ್ನು ಕೇಳಿದ್ದಕ್ಕಾಗಿ ಯಾವ ಶಾಲೆಯೂ ಬೇಸರಪಟ್ಟುಕೊಳ್ಳಬಾರದು.

ಬಹುಕಾಲ ತರಗತಿಗಳಲ್ಲಿ ಕಳೆದ ಶಿಕ್ಷಕನಾಗಿ ಈ ಪಟ್ಟಿಗೆ ನಾನು ಇನ್ನೊಂದು ಪ್ರಶ್ನೆಯನ್ನು ಸೇರಿಸಬಯಸುತ್ತೇನೆ. ಆ ಶಾಲೆಯಲ್ಲಿ ಅಪಾಯದ ಗಂಟೆಯನ್ನು ಬಾರಿಸುವ ಅಧಿಕಾರ ಯಾರಿಗಿದೆ? ಏನೋ ತಪ್ಪಾಗಿದೆ ಎಂದು ಮೊದಲು ಕಂಡವರು ಅದನ್ನು ಹೇಳಬಹುದೇ, ಅಥವಾ ಹೇಳುವುದಕ್ಕೆ ಯಾರದೋ ಅಪ್ಪಣೆಗಾಗಿ ಕಾಯಬೇಕೇ? ಪ್ರಶ್ನೆ ಸಣ್ಣದೆಂದು ತೋರಬಹುದು. ಆದರೆ ಶಾಲೆಗಳ ಇತಿಹಾಸವನ್ನು ತಿರುವಿ ನೋಡಿದರೆ, ಗೋಡೆ ಬಾಗಿಲುಗಳಿಗಿಂತ ಹೆಚ್ಚಾಗಿ ಈ ಪ್ರಶ್ನೆಗೆ ದೊರೆತ ಉತ್ತರವೇ ಮಕ್ಕಳ ಅಳಿವು ಉಳಿವನ್ನು ನಿರ್ಧರಿಸಿದ ಸಂದರ್ಭಗಳಿವೆ. ಅವುಗಳಲ್ಲಿ ಒಂದು ನಮ್ಮದೇ ಧರ್ಮಸಭೆಯ ಒಂದು ಧರ್ಮಕೇಂದ್ರದ ಶಾಲೆಯಲ್ಲಿ ನಡೆದದ್ದು. ಅದನ್ನು ತಿಳಿಯುವುದು ನಮಗೆಲ್ಲ ಅಗತ್ಯ.

ಚಿಕಾಗೊ, ಡಿಸೆಂಬರ್ 1, 1958

ಅಮೆರಿಕದ ಚಿಕಾಗೊ ನಗರದ ಪಶ್ಚಿಮ ಭಾಗದಲ್ಲಿ ‘ಅವರ್ ಲೇಡಿ ಆಫ್ ದ ಏಂಜಲ್ಸ್’, ಅಂದರೆ ದೂತರ ಮಾತೆಯ ಹೆಸರಿನ ಧರ್ಮಕೇಂದ್ರವಿತ್ತು. ಇಟಲಿ, ಐರ್ಲೆಂಡ್, ಪೋಲೆಂಡ್ ಮೂಲದ ದುಡಿಯುವ ಕುಟುಂಬಗಳು ಅಲ್ಲಿ ನೆಲೆಸಿದ್ದವು. ದೇವಾಲಯದ ಪಕ್ಕದಲ್ಲೇ ಧರ್ಮಕೇಂದ್ರದ ಶಾಲೆ. ಧನ್ಯ ಕನ್ಯಾಮರಿಯಮ್ಮನವರ ಪ್ರೇಮಸೇವೆಯ ಭಗಿನಿಯರು ಅದನ್ನು ನಡೆಸುತ್ತಿದ್ದರು. ಕೆಲವು ಗೃಹಸ್ಥ ಶಿಕ್ಷಕಿಯರೂ ಇದ್ದರು. ಮಕ್ಕಳ ಸಂಖ್ಯೆ ಸುಮಾರು 1,600. ಶಿಸ್ತಿಗೂ ಪಾಠಕ್ಕೂ ಹೆಸರಾದ ಶಾಲೆಯೆಂದು ಹೆತ್ತವರು ನಂಬಿಕೆಯಿಂದ ಮಕ್ಕಳನ್ನು ಕಳುಹಿಸುತ್ತಿದ್ದರು.

ಕಟ್ಟಡದ ಹೊರಗೋಡೆ ಇಟ್ಟಿಗೆಯದು. ಒಳಗೆ ಮೆಟ್ಟಿಲು, ನೆಲ, ಛಾವಣಿ ಎಲ್ಲವೂ ಬಹುಮಟ್ಟಿಗೆ ಮರದ್ದು. ವರ್ಷಾನುಗಟ್ಟಲೆ ಬಳಿದ ಮೇಣದಿಂದ ನೆಲ ಹೊಳೆಯುತ್ತಿತ್ತು. ಕೆಳ ಅಂತಸ್ತಿನಲ್ಲಿ ಮೆಟ್ಟಿಲಸಾಲನ್ನು ಬೇರ್ಪಡಿಸುವ ಬೆಂಕಿತಡೆ ಬಾಗಿಲಿತ್ತು. ಮೇಲಂತಸ್ತಿನಲ್ಲಿ ಅದು ಇರಲಿಲ್ಲ. ತಾನಾಗಿ ನೀರು ಚಿಮ್ಮುವ ಕೊಳವೆಗಳಿರಲಿಲ್ಲ. ಶಾಲೆಯ ಅಪಾಯಸೂಚಕ ಗಂಟೆ ಕಟ್ಟಡದೊಳಗೆ ಮಾತ್ರ ಕೇಳಿಸುವಂಥದು. ಅಗ್ನಿಶಾಮಕ ಠಾಣೆಗೂ ಅದಕ್ಕೂ ಯಾವ ಸಂಪರ್ಕವೂ ಇರಲಿಲ್ಲ.

ಆ ಸೋಮವಾರ ಮಧ್ಯಾಹ್ನ ನೆಲಮಾಳಿಗೆಯ ಮೆಟ್ಟಿಲ ಬುಡದಲ್ಲಿದ್ದ ಕಸದ ಪೀಪಾಯಿಯಲ್ಲಿ ಬೆಂಕಿ ಹತ್ತಿಕೊಂಡಿತು. ಹೇಗೆ ಹತ್ತಿತು ಎಂಬುದು ಇಂದಿಗೂ ಅಧಿಕೃತವಾಗಿ ತೀರ್ಮಾನವಾಗಿಲ್ಲ. ಶಾಲೆ ಬಿಡಲು ಇನ್ನು ಅರ್ಧ ಗಂಟೆಯಷ್ಟೇ ಉಳಿದಿತ್ತು. ತರಗತಿಯಿಂದ ಸಣ್ಣ ಕೆಲಸಕ್ಕೆಂದು ಹೊರಹೋಗಿದ್ದ ಮಕ್ಕಳು ಹಿಂದಿರುಗಿ, ಹೊಗೆಯ ವಾಸನೆ ಬರುತ್ತಿದೆ ಎಂದು ತಮ್ಮ ಶಿಕ್ಷಕಿಗೆ ತಿಳಿಸಿದರು. ಅಂದರೆ ಎಚ್ಚರಿಕೆಯ ಮೊದಲ ಮಾತು ಬಂದದ್ದು ಮಕ್ಕಳ ಬಾಯಿಂದ. ಶಿಕ್ಷಕಿ ಅದನ್ನು ನಂಬಿದರು ಎಂಬುದನ್ನೂ ನಾವು ನೆನಪಿನಲ್ಲಿಡಬೇಕು.

ಆದರೆ ಮುಖ್ಯಸ್ಥೆಯಾದ ಮದರ್ ಸುಪೀರಿಯರ್ ಹೊರತು ಬೇರಾರೂ ಅಪಾಯದ ಗಂಟೆಯನ್ನು ಬಾರಿಸಕೂಡದೆಂಬ ನಿಯಮ ಆ ಶಾಲೆಯಲ್ಲಿತ್ತು. ಶಿಕ್ಷಕಿ ಮೊದಲು ಪಕ್ಕದ ಕೋಣೆಯ ಸಹೋದ್ಯೋಗಿಗೆ ವಿಷಯ ತಿಳಿಸಿ, ಮುಖ್ಯಸ್ಥೆಯನ್ನು ಹುಡುಕಿಕೊಂಡು ಕಚೇರಿಗೆ ಹೋದರು. ಕಚೇರಿಯಲ್ಲಿ ಯಾರೂ ಇರಲಿಲ್ಲ. ಅಸ್ವಸ್ಥರಾಗಿದ್ದ ಶಿಕ್ಷಕಿಯೊಬ್ಬರ ಬದಲಿಗೆ ಮುಖ್ಯಸ್ಥೆ ಅಂದು ಬೇರೊಂದು ತರಗತಿಯಲ್ಲಿ ಪಾಠ ಮಾಡುತ್ತಿದ್ದರು. ಹಿಂದಿರುಗಿ ಬಂದ ಶಿಕ್ಷಕಿ ತನ್ನ ಸಹೋದ್ಯೋಗಿಯೊಡನೆ ನಿರ್ಧರಿಸಿ, ಇಬ್ಬರೂ ತಮ್ಮ ತರಗತಿಗಳ ಮಕ್ಕಳನ್ನು ಹೊರಗೆ ಕರೆದೊಯ್ದರು. ದಾರಿಯಲ್ಲಿ ಗಂಟೆಯ ಗುಂಡಿಯನ್ನು ಒತ್ತಿದಾಗ ಅದು ಮೌನವಾಗಿತ್ತು. ಮಕ್ಕಳನ್ನು ದೇವಾಲಯದಲ್ಲಿ ಕೂರಿಸಿ ಮರಳಿ ಬಂದು ಮತ್ತೆ ಒತ್ತಿದಾಗ ಗಂಟೆ ಮೊಳಗಿತು. ಆ ಎರಡು ತರಗತಿಗಳ ಮಕ್ಕಳು ಉಳಿದರು. ಆದರೆ ಅಷ್ಟರಲ್ಲಿ ಹೊಗೆ ಮತ್ತು ಬೆಂಕಿ ಮೆಟ್ಟಿಲಸಾಲನ್ನು ಹೊಗೆಗೂಡಿನಂತೆ ಮಾಡಿಕೊಂಡು ಮೇಲಂತಸ್ತಿನ ಮೊಗಸಾಲೆಯನ್ನು ತುಂಬಿಬಿಟ್ಟಿದ್ದವು. ಉತ್ತರ ಭಾಗದ ಮೇಲಂತಸ್ತಿನ ಕೋಣೆಗಳಲ್ಲಿದ್ದವರಿಗೆ ಗಂಟೆ ಕೇಳುವ ಹೊತ್ತಿಗೆ ಬಾಗಿಲ ದಾರಿ ಮುಚ್ಚಿಹೋಗಿತ್ತು.

ಎರಡನೆಯ ತಡ ದೂರವಾಣಿಯಲ್ಲಿ ಆಯಿತು. ಶಾಲೆಯ ಕೆಲಸಗಾರ ಬೆಂಕಿಯನ್ನು ಕಂಡು ಗುರುನಿವಾಸಕ್ಕೆ ಓಡಿ ತಿಳಿಸಿದ. ಅಲ್ಲಿಂದ ಅಗ್ನಿಶಾಮಕ ದಳಕ್ಕೆ ಕರೆ ಹೋದದ್ದು 2 ಗಂಟೆ 42 ನಿಮಿಷಕ್ಕೆ. ಗಾಬರಿಯಲ್ಲಿ ಕೊಟ್ಟ ವಿಳಾಸ ಗುರುನಿವಾಸದ್ದು. ಶಾಲೆಯಿದ್ದದ್ದು ಮೂಲೆ ತಿರುಗಿದರೆ ಸಿಗುವ ಇನ್ನೊಂದು ರಸ್ತೆಯಲ್ಲಿ. ಎರಡೇ ನಿಮಿಷಗಳಲ್ಲಿ ಮೊದಲ ವಾಹನ ಬಂದರೂ ಅದು ಬಂದದ್ದು ತಪ್ಪು ಬದಿಗೆ. ನೀರಿನ ಕೊಳವೆ, ಏಣಿಗಳನ್ನು ಸ್ಥಳ ಬದಲಿಸಿ ತರಬೇಕಾಯಿತು. ಅಂಗಳದ ಕಬ್ಬಿಣದ ಬೇಲಿಯನ್ನು ಮುರಿಯಬೇಕಾಯಿತು.

ಮೇಲೆ ಕಿಟಕಿಗಳಲ್ಲಿ ಮಕ್ಕಳು ನಿಂತಿದ್ದರು. ಕಿಟಕಿಯ ಅಂಚು ಎಳೆಯರ ಎದೆಯೆತ್ತರಕ್ಕಿತ್ತು. ಕೆಳಗಿನ ನೆಲ ಸುಮಾರು 25 ಅಡಿ ಆಳದಲ್ಲಿತ್ತು. ಒಂದು ಕೋಣೆಯಲ್ಲಿ ಭಗಿನಿಯೊಬ್ಬರು ಬಾಗಿಲ ಸಂದುಗಳಿಗೆ ಪುಸ್ತಕಗಳನ್ನು ಒತ್ತಿಸಿ ಹೊಗೆಯನ್ನು ತಡೆದು, ಬಹುತೇಕ ಮಕ್ಕಳನ್ನು ಉಳಿಸಿಕೊಂಡರು. ಧರ್ಮಕೇಂದ್ರದ ಗುರುಗಳು ಒಳನುಗ್ಗಿ ಮಕ್ಕಳನ್ನು ಹೊರಗೆಳೆದರು. ನೆರೆಹೊರೆಯ ತಂದೆಯರು ಮನೆಯ ಏಣಿಗಳನ್ನು ಹೊತ್ತು ತಂದರು. ಆ ಏಣಿಗಳು ಕಿಟಕಿಗೆ ಎಟುಕಲಿಲ್ಲ. ಅಗ್ನಿಶಾಮಕ ದಳದವರು ನೂರೈವತ್ತಕ್ಕೂ ಹೆಚ್ಚು ಮಕ್ಕಳನ್ನು ಇಳಿಸಿದರು. ಇಷ್ಟಾದರೂ 92 ಮಕ್ಕಳು, ಮೂವರು ಭಗಿನಿಯರು ಅಸುನೀಗಿದರು. ಆ ಮೂವರೂ ತಮ್ಮ ಮಕ್ಕಳನ್ನು ಬಿಟ್ಟು ಹೋಗಿರಲಿಲ್ಲ.

ಓದುಗರೇ, ಇದನ್ನು ಯಾರನ್ನೋ ದೂರುವುದಕ್ಕಾಗಿ ಹೇಳುತ್ತಿಲ್ಲ. ಆ ಶಾಲೆಯ ನಿಯಮ ಕೆಟ್ಟ ಮನಸ್ಸಿನಿಂದ ಹುಟ್ಟಿದ್ದಲ್ಲ. ನೂರಾರು ಮಕ್ಕಳಿರುವ ಕಡೆ ಅನಾವಶ್ಯಕ ಗಲಿಬಿಲಿ ಆಗಬಾರದು, ತುಂಟರು ಗಂಟೆಯನ್ನು ಆಟಿಕೆ ಮಾಡಿಕೊಳ್ಳಬಾರದು ಎಂಬ ಸದುದ್ದೇಶವೇ ಇಂಥ ನಿಯಮಗಳ ಹಿಂದಿರುತ್ತದೆ. ಶಿಸ್ತು ಅಂದು ನೂರಾರು ಮಕ್ಕಳನ್ನು ಉಳಿಸಿತು ಎಂಬುದೂ ನಿಜವೇ. ಸಾಲಾಗಿ ಹೊರನಡೆಯುವ ಅಭ್ಯಾಸವಿದ್ದುದರಿಂದ ಗಂಟೆ ಕೇಳಿದೊಡನೆ ಕೆಳ ಅಂತಸ್ತಿನ ತರಗತಿಗಳು ಕ್ರಮವಾಗಿ ಖಾಲಿಯಾದವು. ಗಂಟೆ ಮೊಳಗಿದ ನಂತರ ಶಿಸ್ತು ಬೇಕು. ಗಂಟೆ ಮೊಳಗುವುದಕ್ಕೇ ಶಿಸ್ತು ಅಡ್ಡಿಯಾದರೆ ಏನಾಗುವುದೆಂಬುದನ್ನು ಆ ಮಧ್ಯಾಹ್ನ ಕಲಿಸಿತು.

ಇನ್ನೂ ಒಂದು ಸಂಗತಿ ನಮ್ಮನ್ನು ಕಾಡಬೇಕು. ದುರಂತಕ್ಕೆ ಕೆಲವೇ ವಾರಗಳ ಹಿಂದೆ, ಅಕ್ಟೋಬರ್ ತಿಂಗಳಲ್ಲಿ, ಆ ಶಾಲೆ ಅಗ್ನಿಸುರಕ್ಷತಾ ತಪಾಸಣೆಯಲ್ಲಿ ತೇರ್ಗಡೆಯಾಗಿತ್ತು. 1949ರ ನಗರ ನಿಯಮಾವಳಿ ಹೊಸ ಕಟ್ಟಡಗಳಿಗೆ ಮಾತ್ರ ಅನ್ವಯಿಸುತ್ತಿದ್ದು, ಹಳೆಯ ಕಟ್ಟಡಗಳಿಗೆ ವಿನಾಯಿತಿ ಇತ್ತು. ಕಾಗದದ ಮೇಲೆ ಎಲ್ಲವೂ ಸರಿಯಾಗಿಯೇ ಇತ್ತು. ದುರಂತದ ನಂತರ ಅಮೆರಿಕದಾದ್ಯಂತ ಸಾವಿರಾರು ಹಳೆಯ ಶಾಲಾ ಕಟ್ಟಡಗಳು ಸುಧಾರಣೆಗೊಂಡವು. ನೀರು ಚಿಮ್ಮುವ ಕೊಳವೆಗಳು ಬಂದವು, ಶಾಲೆಯ ಗಂಟೆಗೂ ಅಗ್ನಿಶಾಮಕ ಠಾಣೆಗೂ ಸಂಪರ್ಕ ಏರ್ಪಟ್ಟಿತು. ಈ ಬೆಂಕಿಯಿಂದ ಕಲಿಯಬೇಕಾದ ಹೊಸ ಪಾಠವೇನೂ ಇಲ್ಲ, ಹಳೆಯ ಪಾಠಗಳನ್ನೇ ನಾವು ಕಿವಿಗೆ ಹಾಕಿಕೊಂಡಿರಲಿಲ್ಲ ಎಂಬ ಅರ್ಥದ ಮಾತನ್ನು ಆ ದೇಶದ ಅಗ್ನಿರಕ್ಷಣಾ ಸಂಘದ ಮುಖ್ಯಸ್ಥರು ಅಂದು ಹೇಳಿದರು.

ಕಟ್ಟಡಗಳು ಸುಧಾರಿಸಿದವು, ಆದರೆ ಬದುಕುಳಿದ ಮಕ್ಕಳ ವಿಷಯದಲ್ಲಿ ಇನ್ನೊಂದು ಬಗೆಯ ಮೌನ ಆರಂಭವಾಯಿತು. ಅಂದಿನ ಕಾಲದಲ್ಲಿ ಮಕ್ಕಳ ಮನೋವೇದನೆಗೆ ಆಪ್ತಸಲಹೆ ನೀಡುವ ಪದ್ಧತಿಯಿರಲಿಲ್ಲ. ಅವರನ್ನು ಬೇಗನೆ ಬೇರೆ ಶಾಲೆಗಳಿಗೆ ಕಳುಹಿಸಿದರು. ಆದದ್ದನ್ನು ಮರೆತುಬಿಡಿ, ಅದರ ಮಾತೆತ್ತಬೇಡಿ ಎಂಬುದೇ ಹಿರಿಯರ ಸಲಹೆಯಾಗಿತ್ತು. ಎಷ್ಟೋ ಮಂದಿ ಆ ದಿನದ ನೆನಪನ್ನು ದಶಕಗಳ ಕಾಲ ಒಳಗೇ ಹೊತ್ತುಕೊಂಡಿದ್ದು, ಮುಪ್ಪಿನ ಹೊಸ್ತಿಲಲ್ಲಿ ಮಾತನಾಡಿದರು. ಮಗುವನ್ನು ಪ್ರೀತಿಸುತ್ತಲೇ ಅದರ ಬಾಯನ್ನು ಮುಚ್ಚಿಸಲು ಸಾಧ್ಯ ಎಂಬುದಕ್ಕೆ ಇದೊಂದು ನಿದರ್ಶನ.

ನಮ್ಮ ನಾಡಿನ ಬೆಂಕಿಗಳು

ದೂರದ ದೇಶದ, ಹಳೆಯ ಕಾಲದ ಕಥೆಯಿದು ಎಂದು ನಾವು ಸಮಾಧಾನಪಟ್ಟುಕೊಳ್ಳುವಂತಿಲ್ಲ. 1995ರ ಡಿಸೆಂಬರ್ 23ರಂದು ಹರಿಯಾಣದ ದಬ್ವಾಲಿಯಲ್ಲಿ ಶಾಲೆಯೊಂದರ ಬಹುಮಾನ ವಿತರಣಾ ಸಮಾರಂಭಕ್ಕಾಗಿ ಹಾಕಿದ್ದ ಶಾಮಿಯಾನಕ್ಕೆ ಬೆಂಕಿ ತಗುಲಿ ನಾನೂರಕ್ಕೂ ಹೆಚ್ಚು ಜನ ತೀರಿಕೊಂಡರು. ಅವರಲ್ಲಿ ಬಹುಪಾಲು ಮಕ್ಕಳು. ತುಂಬಿದ ಸಭೆಗೆ ಹೊರಹೋಗುವ ದಾರಿ ಸಾಲದಾಯಿತು.

2004ರ ಜುಲೈ 16ರಂದು ನೆರೆಯ ತಮಿಳುನಾಡಿನ ಕುಂಭಕೋಣಂನಲ್ಲಿ ನಡೆದ ದುರಂತ ನಮ್ಮಲ್ಲಿ ಅನೇಕರ ನೆನಪಿನಲ್ಲಿದೆ. ಬಿಸಿಯೂಟದ ಅಡುಗೆಮನೆಯಲ್ಲಿ ಹತ್ತಿದ ಬೆಂಕಿ ಮೇಲಿನ ತರಗತಿಗಳ ಹುಲ್ಲುಚಾವಣಿಗೆ ಹಬ್ಬಿತು. ಇಕ್ಕಟ್ಟಾದ ಮೆಟ್ಟಿಲು, ಒಂದೇ ಕಟ್ಟಡದಲ್ಲಿ ಕಿಕ್ಕಿರಿದ ಮಕ್ಕಳು. 94 ಎಳೆಯ ಜೀವಗಳು ಹೋದವು. ಅಲ್ಲಿಯೂ ಕಾಗದಪತ್ರಗಳಿದ್ದವು, ಪರವಾನಗಿಗಳಿದ್ದವು.

ಈ ದುರಂತದ ನಂತರ ಸಲ್ಲಿಕೆಯಾದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯ ಮೇಲೆ ಸರ್ವೋಚ್ಚ ನ್ಯಾಯಾಲಯ 2009ರ ಏಪ್ರಿಲ್ 13ರಂದು ತೀರ್ಪಿತ್ತಿತು. ಶಿಕ್ಷಣ ಪಡೆಯುವ ಹಕ್ಕಿನಲ್ಲಿ ಸುರಕ್ಷಿತ ಶಾಲೆಯಲ್ಲಿ ಶಿಕ್ಷಣ ಪಡೆಯುವ ಹಕ್ಕೂ ಅಡಗಿದೆ ಎಂಬುದು ಅದರ ತಿರುಳು. ಕಟ್ಟಡಗಳು ರಾಷ್ಟ್ರೀಯ ನಿರ್ಮಾಣ ಸಂಹಿತೆಗೆ ಅನುಗುಣವಾಗಿರಬೇಕು, ಅಗ್ನಿಶಾಮಕ ಉಪಕರಣಗಳಿರಬೇಕು, ಶಿಕ್ಷಕರೂ ಸಿಬ್ಬಂದಿಯೂ ಅವನ್ನು ಬಳಸಲು ತರಬೇತಿ ಪಡೆದಿರಬೇಕು ಎಂದು ನ್ಯಾಯಾಲಯ ಆದೇಶಿಸಿತು. ಇಂದು ನಮ್ಮ ಶಾಲೆಗಳ ಗೋಡೆಯ ಮೇಲೆ ಕಾಣುವ ಕೆಂಪು ಸಿಲಿಂಡರುಗಳ ಹಿಂದೆ ಆ 94 ಮಕ್ಕಳಿದ್ದಾರೆ ಎಂಬುದನ್ನು ಮರೆಯದಿರೋಣ. ಬೆಂಕಿ ಬಿದ್ದ ಮೇಲೆ ಬಾವಿ ತೋಡಿದರು ಎಂಬ ಗಾದೆ ನಮ್ಮಲ್ಲಿದೆ. ಬಾವಿಯನ್ನೇನೋ ಈಗ ತೋಡಿದ್ದೇವೆ. ಬೆಂಕಿ ಬಿದ್ದಿದೆ ಎಂದು ಕೂಗಲು ಮಗುವಿಗೆ ಧೈರ್ಯವಿದೆಯೇ ಎಂಬ ಪ್ರಶ್ನೆ ಹಾಗೆಯೇ ಉಳಿದಿದೆ.

ಮಗುವಿನ ಬಾಯಿ ಕಟ್ಟಿದ್ದು ಯಾವುದು?

ಹಿರಿಯರ ಮುಂದೆ ಮಗು ಬಾಯಿ ಬಿಡುವುದಿಲ್ಲವೆಂಬುದು ಇಂದು ನಿನ್ನೆಯ ಸಂಗತಿಯಲ್ಲ. ಅದರ ಬೇರನ್ನು ಹುಡುಕಲು ನಮ್ಮ ಬಳ್ಳಾರಿಗೇ ಹೋಗಬಹುದು. ಮದ್ರಾಸ್ ಪ್ರಾಂತದ ಗವರ್ನರ್ ಥಾಮಸ್ ಮನ್ರೋ 1822ರಲ್ಲಿ ಎಲ್ಲ ಜಿಲ್ಲೆಗಳ ಶಾಲೆಗಳ ವಿವರ ಕೇಳಿದಾಗ, ಬಳ್ಳಾರಿಯ ಕಲೆಕ್ಟರ್ ಕ್ಯಾಂಪ್‌ಬೆಲ್ 1823ರ ಆಗಸ್ಟ್ 17ರಂದು ವಿಸ್ತಾರವಾದ ವರದಿಯನ್ನು ಕಳುಹಿಸಿದರು. ಜಿಲ್ಲೆಯಲ್ಲಿ 533 ಶಾಲೆಗಳಿದ್ದವು, 6,641 ವಿದ್ಯಾರ್ಥಿಗಳಿದ್ದರು. ಆ ಶಾಲೆಗಳಲ್ಲಿ 235 ಕನ್ನಡದವು. ದೊಡ್ಡ ಮಕ್ಕಳು ಚಿಕ್ಕವರಿಗೆ ಕಲಿಸುವ ನಮ್ಮ ಊರ ಮಠಗಳ ಪದ್ಧತಿಯನ್ನು ಕ್ಯಾಂಪ್‌ಬೆಲ್ ಮನಸಾರೆ ಮೆಚ್ಚಿಕೊಂಡರು.

ಅದೇ ವರದಿಯಲ್ಲಿ ಇನ್ನೊಂದು ಚಿತ್ರವೂ ಇದೆ. ಬೆಳಗ್ಗೆ ಮೊದಲು ಬಂದ ಹುಡುಗನ ಅಂಗೈ ಮೇಲೆ ಗೌರವದ ಗುರುತಾಗಿ ಸರಸ್ವತಿಯ ಹೆಸರು ಬರೆಯುತ್ತಿದ್ದರು. ಎರಡನೆಯವನಿಗೆ ಸೊನ್ನೆ. ಮೂರನೆಯವನಿಗೆ ಮೆಲ್ಲನೆ ಒಂದು ಏಟು, ನಾಲ್ಕನೆಯವನಿಗೆ ಎರಡು, ಅಲ್ಲಿಂದ ಮುಂದೆ ಬರುವ ಪ್ರತಿಯೊಬ್ಬನಿಗೂ ಒಂದೊಂದು ಹೆಚ್ಚು. ಓದಿನಲ್ಲಿ ಹಿಂದುಳಿದವನ ಎರಡೂ ಕೈಗಳನ್ನು ಕಟ್ಟಿ ಛಾವಣಿಗೆ ತೂಗುಹಾಕುವುದೂ ಇತ್ತು. ಇದನ್ನೇ ನಮ್ಮ ಹಿರಿಯರು ಕೋದಂಡವೆಂದು ಕರೆಯುತ್ತಿದ್ದರು. ‘ದಂಡಂ ದಶಗುಣಂ’ ಎಂದೂ ‘ಛಡಿ ಛಂ ಛಂ, ವಿದ್ಯೆ ಘಂ ಘಂ’ ಎಂದೂ ಹೇಳುತ್ತಾ ಬಂದದ್ದು ನಾವೇ. ಇಂಗ್ಲೆಂಡಿನ ಶಾಲೆಗಳಲ್ಲಿಯೂ, ನಮ್ಮ ಮಿಷನರಿ ಶಾಲೆಗಳಲ್ಲಿಯೂ ಬೆತ್ತ ಆಳಿತು. ಯಾವ ಧರ್ಮದವರೂ ಈ ವಿಷಯದಲ್ಲಿ ಇನ್ನೊಬ್ಬರತ್ತ ಬೆರಳು ತೋರಿಸುವಂತಿಲ್ಲ.

ಬೆತ್ತದ ನೋವು ಸಂಜೆಗೆ ಮಾಯವಾಗಬಹುದು. ಅದು ಕಲಿಸಿದ ಮೌನ ಮಾಯವಾಗುವುದಿಲ್ಲ. ಕೇಳಿದ್ದಕ್ಕಷ್ಟೇ ಉತ್ತರಿಸು, ಕಂಡದ್ದನ್ನು ಹೇಳಬೇಡ ಎಂಬ ಪಾಠವನ್ನು ಮಗು ಅಕ್ಷರಾಭ್ಯಾಸಕ್ಕಿಂತ ಬೇಗ ಕಲಿಯುತ್ತದೆ. 2009ರ ಶಿಕ್ಷಣ ಹಕ್ಕು ಕಾಯಿದೆ ತನ್ನ 17ನೆಯ ಕಲಮಿನಲ್ಲಿ ದೈಹಿಕ ಶಿಕ್ಷೆಯ ಜೊತೆಗೆ ಮಾನಸಿಕ ಕಿರುಕುಳವನ್ನೂ ನಿಷೇಧಿಸಿತು. ಈ ಎರಡನೆಯ ಮಾತು ಬಹಳ ಮುಖ್ಯ. ಕೋಲನ್ನು ಬದಿಗಿಟ್ಟ ಮೇಲೆಯೂ ಹಂಗಿಸುವ ನಾಲಿಗೆ ಅದೇ ಕೆಲಸವನ್ನು ಮಾಡಬಲ್ಲದು.

ಭಯಕ್ಕೆ ಬದಲಾಗಿ ಏನು ಎಂಬ ಪ್ರಶ್ನೆಗೆ ಧರ್ಮಸಭೆಯೊಳಗಿನಿಂದಲೇ ಒಂದು ಉತ್ತರ ಬಂದಿತ್ತು. ಇಟಲಿಯ ಟ್ಯೂರಿನ್ ನಗರದಲ್ಲಿ ದಿಕ್ಕಿಲ್ಲದ ಹುಡುಗರ ನಡುವೆ ಬಾಳಿದ ಸಂತ ಜಾನ್ ಬೋಸ್ಕೊ 1877ರಲ್ಲಿ ತಮ್ಮ ಶಿಕ್ಷಣ ವಿಧಾನವನ್ನು ಬರೆದಿಟ್ಟರು. ತಪ್ಪಾದ ಮೇಲೆ ದಂಡಿಸುವುದಕ್ಕಿಂತ ತಪ್ಪಾಗದಂತೆ ಜೊತೆಗಿರುವುದು ಆ ವಿಧಾನದ ಸಾರ. ವಿವೇಕ, ಧರ್ಮ, ಅಕ್ಕರೆ ಅದರ ಮೂರು ಆಧಾರಗಳು. 1884ರ ಮೇ ತಿಂಗಳಲ್ಲಿ ರೋಮಿನಿಂದ ತಮ್ಮ ಸಂಸ್ಥೆಯವರಿಗೆ ಬರೆದ ಪತ್ರದಲ್ಲಿ ಅವರು ಒಂದು ನೋವನ್ನು ತೋಡಿಕೊಂಡರು. ಹಿಂದೆ ಆಟದ ಬಯಲಲ್ಲಿ ಹುಡುಗರ ನಡುವೆಯೇ ಇರುತ್ತಿದ್ದ ಗುರುಗಳು ಈಗ ದೂರ ನಿಂತು ಕಾವಲು ಕಾಯುತ್ತಿದ್ದಾರೆ, ಆದ್ದರಿಂದಲೇ ಹುಡುಗರು ಮನಸ್ಸು ಬಿಚ್ಚುತ್ತಿಲ್ಲ ಎಂಬುದು ಆ ನೋವು. ಮಕ್ಕಳನ್ನು ಪ್ರೀತಿಸಿದರೆ ಸಾಲದು, ಪ್ರೀತಿಸುತ್ತಿದ್ದೇವೆಂಬುದು ಅವರಿಗೆ ಗೊತ್ತಾಗಬೇಕು ಎಂಬುದು ಅವರ ಅಭಿಪ್ರಾಯ. ಕಾವಲಿಗೂ ಸಾಮೀಪ್ಯಕ್ಕೂ ಇರುವ ಈ ವ್ಯತ್ಯಾಸವನ್ನು ಕ್ಯಾಮೆರಾಗಳ ಈ ಕಾಲದಲ್ಲಿ ನಾವು ಮತ್ತೆ ಓದಿಕೊಳ್ಳಬೇಕು.

ಹೊಗೆಯಿಲ್ಲದ ಬೆಂಕಿ

ಎಲ್ಲ ಬೆಂಕಿಗೂ ಹೊಗೆಯಿರುವುದಿಲ್ಲ. ಸಹಪಾಠಿಗಳ ಕಿರುಕುಳ, ಮೊಬೈಲಿನಲ್ಲಿ ಬರುವ ಬೆದರಿಕೆ, ಎಲ್ಲಕ್ಕಿಂತ ಮಿಗಿಲಾಗಿ ಹಿರಿಯರಿಂದಲೇ ಆಗುವ ಲೈಂಗಿಕ ದೌರ್ಜನ್ಯ, ಇವು ಗೋಡೆಯ ಹೊರಗಿನಿಂದ ಬರಬೇಕಾಗಿಲ್ಲ. ಬೇಲಿಯೇ ಎದ್ದು ಹೊಲ ಮೇಯುವ ಸಂದರ್ಭ ಇದು. ಇಲ್ಲಿ ಬೆಂಕಿಯನ್ನು ಕಾಣುವವರು ಮಗುವಿನ ಹೊರತು ಹೆಚ್ಚಾಗಿ ಬೇರಾರೂ ಇರುವುದಿಲ್ಲ. ಆ ಮಗು ಹೇಳಿದರೆ ಮಾತ್ರ ಗಂಟೆ ಮೊಳಗೀತು.

2012ರ ನವೆಂಬರ್ 14ರಂದು ಜಾರಿಗೆ ಬಂದ ಪೋಕ್ಸೊ ಕಾಯಿದೆ ಈ ಗಂಟೆಯನ್ನು ಎಲ್ಲರ ಕೈಗೂ ಕೊಟ್ಟಿದೆ. ಮಗುವಿನ ಮೇಲೆ ಇಂಥ ಅಪರಾಧ ನಡೆದಿದೆಯೆಂದು ತಿಳಿದ, ನಡೆಯಬಹುದೆಂಬ ಆತಂಕವುಳ್ಳ ಯಾವ ವ್ಯಕ್ತಿಯಾದರೂ ಪೊಲೀಸರಿಗೆ ತಿಳಿಸಬೇಕು. ತಿಳಿಸದಿರುವುದೇ ಅಪರಾಧ. ಸಂಸ್ಥೆಯ ಮುಖ್ಯಸ್ಥರು ತಮ್ಮ ಕೈಕೆಳಗಿನವರ ತಪ್ಪನ್ನು ಮುಚ್ಚಿಟ್ಟರೆ ಶಿಕ್ಷೆ ಇನ್ನೂ ಹೆಚ್ಚು. ಚಿಕಾಗೊದ ಶಾಲೆಯಲ್ಲಿ ಗಂಟೆ ಒಬ್ಬರ ಕೈಯಲ್ಲಿತ್ತು. ಈ ಕಾನೂನಿನ ಪ್ರಕಾರ ಅದು ಆಯಾ, ಬಸ್ಸಿನ ಚಾಲಕ, ನೆರೆಯ ಅಜ್ಜಿ, ಗುರು, ಧರ್ಮಭಗಿನಿ ಎಲ್ಲರ ಕೈಯಲ್ಲಿಯೂ ಇದೆ. 1996ರಲ್ಲಿ ಮುಂಬೈಯಲ್ಲಿ ಆರಂಭವಾದ 1098 ಎಂಬ ಮಕ್ಕಳ ಸಹಾಯವಾಣಿಯನ್ನು ಮಗು ತಾನೇ ಸಂಪರ್ಕಿಸಬಹುದು. ಈ ನಾಲ್ಕು ಅಂಕೆಗಳನ್ನು ಮಗ್ಗಿಯ ಜೊತೆಗೆ ಕಲಿಸೋಣ.

ಈ ವಿಷಯದಲ್ಲಿ ಧರ್ಮಸಭೆ ತಾನೇ ತಲೆತಗ್ಗಿಸಬೇಕಾಗಿ ಬಂದುದನ್ನು ಮರೆಮಾಚಿ ಬರೆಯುವುದು ಸತ್ಯಕ್ಕೆ ಅಪಚಾರವಾದೀತು. ಹಲವು ದೇಶಗಳಲ್ಲಿ ಮಕ್ಕಳು ಹೇಳಿದ ಮಾತನ್ನು ಸಂಸ್ಥೆಯ ಗೌರವಕ್ಕಾಗಿ ಅದುಮಿಡಲಾಯಿತು. ದಶಕಗಳ ನಂತರ ಅದು ಹೊರಬಂದಾಗ ಗೌರವವೂ ಉಳಿಯಲಿಲ್ಲ, ಮಕ್ಕಳ ಬಾಲ್ಯವೂ ಮರಳಲಿಲ್ಲ. 2019ರ ಮೇ ತಿಂಗಳಲ್ಲಿ ಪೋಪ್ ಫ್ರಾನ್ಸಿಸ್ ಅವರು ಹೊರಡಿಸಿದ ನಿಯಮಗಳ ಪ್ರಕಾರ ಗುರುಗಳೂ ವ್ರತಧಾರಿಗಳೂ ಇಂಥ ಸಂಗತಿ ತಿಳಿದೊಡನೆ ಧರ್ಮಸಭೆಯ ಅಧಿಕಾರಿಗಳಿಗೆ ವರದಿ ಮಾಡಲೇಬೇಕು. ಪ್ರತಿಯೊಂದು ಧರ್ಮಪ್ರಾಂತವೂ ದೂರು ಸ್ವೀಕರಿಸಲು ಜನರಿಗೆ ಸುಲಭವಾಗಿ ಎಟುಕುವ ವ್ಯವಸ್ಥೆಯನ್ನು ಹೊಂದಿರಬೇಕು. ನಾಡಿನ ಕಾನೂನು ವಿಧಿಸುವ ಕರ್ತವ್ಯ ಇದರಿಂದ ಕಡಿಮೆಯಾಗುವುದಿಲ್ಲ.

ಕೇಳುವುದು ಬೇರೆ, ತೀರ್ಪು ಕೊಡುವುದು ಬೇರೆ. ಮಗು ಹೇಳಿದ್ದನ್ನು ಗಂಭೀರವಾಗಿ ಸ್ವೀಕರಿಸಿದ ಮಾತ್ರಕ್ಕೆ ನಾವು ಯಾರನ್ನೂ ಅಪರಾಧಿಯೆಂದು ಸಾರಿದಂತಾಗುವುದಿಲ್ಲ. ತನಿಖೆಗೆ ಪೊಲೀಸರಿದ್ದಾರೆ, ತೀರ್ಪಿಗೆ ನ್ಯಾಯಾಲಯವಿದೆ. ಮುಖ್ಯೋಪಾಧ್ಯಾಯರ ಕೋಣೆಯಲ್ಲಿ ಅಥವಾ ಗುರುನಿವಾಸದಲ್ಲಿ ಖಾಸಗಿಯಾಗಿ ವಿಚಾರಣೆ ನಡೆಸಿ ಮುಗಿಸಿಬಿಡುವ ಹಕ್ಕು ಯಾರಿಗೂ ಇಲ್ಲ.

ಪವಿತ್ರ ಗ್ರಂಥದಲ್ಲಿ ಬಾಲಕ ಸಮುವೇಲನ ಕಥೆಯನ್ನು ನಾವೆಲ್ಲ ಕೇಳಿದ್ದೇವೆ. ರಾತ್ರಿ ತನ್ನನ್ನು ಕರೆದ ದನಿಯನ್ನು ಕೇಳಿ ಅವನು ಮೂರು ಸಲ ವೃದ್ಧ ಯಾಜಕ ಏಲಿಯ ಬಳಿಗೆ ಓಡಿಬಂದ. ಏಲಿ ಅವನನ್ನು ಗದರಿಸಲಿಲ್ಲ. ಮೂರನೆಯ ಸಲ, ಇದು ದೇವರ ದನಿಯೆಂದು ಗ್ರಹಿಸಿ ಉತ್ತರಿಸುವ ಬಗೆಯನ್ನು ಕಲಿಸಿದ. ನಾವು ಸಾಮಾನ್ಯವಾಗಿ ಕಥೆಯನ್ನು ಇಲ್ಲಿಗೇ ನಿಲ್ಲಿಸುತ್ತೇವೆ. ಆದರೆ ಆ ಬಾಲಕನಿಗೆ ದೊರೆತ ಸಂದೇಶ ಏಲಿಯ ಮನೆತನದ ವಿರುದ್ಧವೇ ಇತ್ತು. ಅವನ ಪುತ್ರರು ದೇವಾಲಯದಲ್ಲಿಯೇ ನಡೆಸುತ್ತಿದ್ದ ಅನಾಚಾರವನ್ನು, ಅದನ್ನು ತಡೆಯದ ಏಲಿಯ ತಪ್ಪನ್ನು ಅದು ಬಯಲು ಮಾಡುತ್ತಿತ್ತು. ಹೇಳಲು ಬಾಲಕ ಹೆದರಿದ. ಬೆಳಗ್ಗೆ ಏಲಿಯೇ ಅವನನ್ನು ಕರೆದು, ಒಂದನ್ನೂ ಮುಚ್ಚಿಡದೆ ಹೇಳು ಎಂದು ಕೇಳಿಕೊಂಡ. ಹೇಳಿದ್ದನ್ನು ಒಪ್ಪಿಕೊಂಡ. ತನ್ನ ಮನೆತನದ ಮೇಲಿನ ಆಪಾದನೆಯನ್ನು ಒಂದು ಮಗುವಿನ ಬಾಯಿಂದ ಕೇಳುವ ಧೈರ್ಯ ಆ ವೃದ್ಧನಿಗಿತ್ತು. ಶಾಲೆ ನಡೆಸುವ ನಮಗೆಲ್ಲ ಬೇಕಾದ ಧೈರ್ಯವದು.

ಸಂದೇಶಗಳ ಕಾಲದಲ್ಲಿ

ಈಗ ನಮ್ಮ ಕೈಯಲ್ಲಿ ಮೊಬೈಲ್ ಇದೆ. ಹಿಂದೆ ಶಾಲೆಯ ದಿನಚರಿ ಪುಸ್ತಕದಲ್ಲಿ ಶಿಕ್ಷಕರು ಒಂದು ಸಾಲು ಬರೆದು, ತಂದೆ ಸಹಿ ಹಾಕಿ ಕಳುಹಿಸುವುದೇ ಸಂಪರ್ಕವಾಗಿತ್ತು. ಇಂದು ವಾಟ್ಸ್ಆ್ಯಪ್ ಗುಂಪುಗಳಲ್ಲಿ ಮನೆಗೆಲಸ, ಶುಲ್ಕದ ಗಡುವು, ಪರೀಕ್ಷೆಯ ಅಂಕ, ರಜೆಯ ಸೂಚನೆ ಎಲ್ಲವೂ ಕ್ಷಣದಲ್ಲಿ ಬರುತ್ತವೆ. ಮಳೆಗಾಲದಲ್ಲಿ ಹಠಾತ್ ರಜೆ ಘೋಷಣೆಯಾದಾಗ ಇದರ ಪ್ರಯೋಜನ ಸಾಮಾನ್ಯವಲ್ಲ. ಆದರೆ ಗಮನಿಸಿ ನೋಡಿ: ಈ ಸಂದೇಶಗಳು ಶಾಲೆಯಿಂದ ಮನೆಗೆ ಇಳಿದು ಬರುತ್ತವೆ. ಹಿರಿಯರು ಹಿರಿಯರಿಗೆ ಮಕ್ಕಳ ಕುರಿತು ತಿಳಿಸುತ್ತಾರೆ. ಮಗುವಿನಿಂದ ಹಿರಿಯರ ಕಡೆಗೆ ಏರಿ ಹೋಗುವ ದಾರಿ ಅದರಲ್ಲಿ ಎಲ್ಲಿದೆ? ಕ್ಯಾಮೆರಾ ನಡೆದುಹೋದದ್ದನ್ನು ತೋರಿಸುತ್ತದೆ. ಮಗುವಿನ ಮುಖ ಏಕೆ ಬಾಡಿದೆ ಎಂದು ಅದು ಕೇಳುವುದಿಲ್ಲ.

ಎಲ್ಲರಿಗೂ ಗಂಟೆ ಬಾರಿಸುವ ಅಧಿಕಾರ ಕೊಟ್ಟರೆ ಸುಳ್ಳು ಗಂಟೆಗಳು ಹೆಚ್ಚಾಗವೇ ಎಂದು ಕೆಲವರು ಕೇಳಬಹುದು. ಒಂದೆರಡು ಮೊಳಗಬಹುದು. ಸುಳ್ಳು ಗಂಟೆಗೆ ನಾವು ತೆರುವ ಬೆಲೆ ಒಂದು ಪಾಠದ ಅವಧಿ. ಬಾರಿಸದ ಗಂಟೆಗೆ ಚಿಕಾಗೊದ ಆ ಧರ್ಮಕೇಂದ್ರ ತೆತ್ತ ಬೆಲೆ ನಮಗೆ ಗೊತ್ತಿದೆ.

ಹಾಗಾದರೆ ನಾವೇನು ಮಾಡಬಹುದು? ಮನೆಯಿಂದಲೇ ತೊಡಗೋಣ. ಶಾಲೆಯಿಂದ ಬಂದ ಮಗುವಿಗೆ ನಾವು ಕೇಳುವ ಮೊದಲ ಪ್ರಶ್ನೆ ಅಂಕಗಳದ್ದಾಗದಿರಲಿ. ಸಂಜೆಯ ಜಪಸರದ ಪ್ರಾರ್ಥನೆಗೆ ಕುಟುಂಬ ಒಟ್ಟಾಗುವ ಮನೆಗಳಲ್ಲಿ, ಪ್ರಾರ್ಥನೆಯ ನಂತರದ ಹತ್ತು ನಿಮಿಷ ದೂರದರ್ಶನವನ್ನೂ ಮೊಬೈಲನ್ನೂ ಬದಿಗಿಟ್ಟು ಮಕ್ಕಳ ಮಾತಿಗೆ ಮೀಸಲಿಡಬಹುದು. ಮಗು ಅಹಿತವಾದದ್ದನ್ನು ಹೇಳಿದಾಗ, ನೀನೇನು ಮಾಡಿದೆ ಎಂದು ಪಾಟೀಸವಾಲು ಮಾಡದೆ, ಹೇಳಿದ್ದು ಒಳ್ಳೆಯದಾಯಿತು ಎನ್ನೋಣ. ಇಂದು ಬಿದ್ದುಹೋದ ಪೆನ್ನಿನ ಕಥೆಯನ್ನು ತಾಳ್ಮೆಯಿಂದ ಕೇಳದವರಿಗೆ ನಾಳೆ ಅದು ತನ್ನ ದೊಡ್ಡ ನೋವನ್ನು ಹೇಳಲಾರದು.

ಶಾಲೆಗಳಲ್ಲಿ, ಹೊಗೆ ಕಂಡ ಯಾರಾದರೂ, ಒಂದನೆಯ ತರಗತಿಯ ಮಗುವಾದರೂ ಸರಿ, ಗಂಟೆ ಬಾರಿಸಬಹುದೆಂಬುದನ್ನು ಸ್ಪಷ್ಟವಾಗಿ ತಿಳಿಸಬೇಕು. ಗಂಟೆಯ ಗುಂಡಿ ಅವರ ಕೈಗೆಟುಕುವಂತಿರಬೇಕು. ತುರ್ತು ಕರೆಯಲ್ಲಿ ಹೇಳಬೇಕಾದ ಸರಿಯಾದ ವಿಳಾಸವನ್ನು ದೂರವಾಣಿಯ ಪಕ್ಕದಲ್ಲೇ ಬರೆದಿಡಬೇಕು. ಹೊರನಡೆಯುವ ಅಭ್ಯಾಸವನ್ನು ಕಾಗದದಲ್ಲಿ ಮುಗಿಸದೆ ಮೆಟ್ಟಿಲುಗಳ ಮೇಲೆ ನಡೆಸಬೇಕು. ಧರ್ಮಕೇಂದ್ರಗಳಲ್ಲಿ ವಾರ್ಷಿಕೋತ್ಸವಕ್ಕೂ ಹಬ್ಬಕ್ಕೂ ಚಪ್ಪರ ಹಾಕುವಾಗ, ದಬ್ವಾಲಿಯನ್ನು ನೆನೆದು, ಹೊರದಾರಿಗಳೆಷ್ಟು, ಅವು ತೆರೆದಿವೆಯೇ, ವಿದ್ಯುತ್ ತಂತಿ ಹೇಗಿದೆ ಎಂದು ನೋಡುವ ಹೊಣೆಯನ್ನು ಒಬ್ಬರಿಗೆ ವಹಿಸಬೇಕು. ಧರ್ಮೋಪದೇಶ ತರಗತಿ, ಪೀಠಸೇವಕರ ಬಳಗ, ವಿದ್ಯಾರ್ಥಿನಿಲಯ, ಎಲ್ಲೆಲ್ಲಿ ಮಕ್ಕಳಿದ್ದಾರೋ ಅಲ್ಲೆಲ್ಲ, ಯಾರ ಬಳಿ ಹೇಳಬೇಕೆಂಬುದು ಮಕ್ಕಳಿಗೆ ಗೊತ್ತಿರಬೇಕು. ಆ ವ್ಯಕ್ತಿಯ ಮೇಲೆಯೇ ದೂರಿದ್ದರೆ ಇನ್ನಾರ ಬಳಿ ಹೋಗಬೇಕೆಂಬುದೂ ಗೊತ್ತಿರಬೇಕು.

ಮುಂದಿನ ಪೋಷಕರ ಸಭೆಗೆ ಹೋದಾಗ, ಓದುಗರೇ, ಅಂಕಪಟ್ಟಿಗೆ ಸಹಿ ಹಾಕಿದ ಮೇಲೆ ಒಂದು ಕ್ಷಣ ನಿಂತು ಕೇಳಿ: ಈ ಶಾಲೆಯಲ್ಲಿ ಅಪಾಯದ ಗಂಟೆ ಎಲ್ಲಿದೆ, ಅದನ್ನು ಯಾರು ಬಾರಿಸಬಹುದು? ಅನಂತರ ಮನೆಗೆ ಬಂದು ಅದೇ ಪ್ರಶ್ನೆಯನ್ನು ನಿಮ್ಮ ಮಗುವಿಗೂ ಕೇಳಿ. ಎರಡೂ ಉತ್ತರಗಳು ಒಂದೇ ಆಗಿದ್ದರೆ ಆ ಶಾಲೆಯ ಬಗ್ಗೆ ಅಷ್ಟರಮಟ್ಟಿಗೆ ನಿಶ್ಚಿಂತೆಯಿಂದಿರಬಹುದು. ಬೇರೆ ಬೇರೆಯಾಗಿದ್ದರೆ ಮಗುವಿನ ಉತ್ತರವನ್ನು ನಂಬಿ, ಮರುದಿನವೇ ಶಾಲೆಗೆ ಹೋಗಿ ಮಾತನಾಡಿ.